ಮಾನ್ವಿಯ ದಾಸರ ಮನೆ ಮತ್ತು ಓಣಿಯ ಮಂದಿ

ಮಠ ಎಂದರೆ ಅದಕ್ಕೊಂದು ಪೀಠ ಇರುತ್ತದೆ, ಪರಂಪರೆ ಇರುತ್ತದೆ, ಜಮೀನು, ಉಗ್ರಾಣ, ದಿವಾನರು ಇರುತ್ತಾರೆ. ಒಬ್ಬ ಯತಿಗಳು ವೃಂದಾವನಸ್ಥರಾದರೆ ಅವರ ಸ್ಥಾನಕ್ಕೆ ಇನ್ನೊಬ್ಬರು ಬರುತ್ತಾರೆ, ಲೆಕ್ಕಪತ್ರ ಮುಂದುವರಿಯುತ್ತದೆ. ಹರಿದಾಸರಿಗೆ ಇದು ಯಾವುದೂ ಇರಲಿಲ್ಲ. ಅವರಲ್ಲಿ ಬಹಳ ಮಂದಿ ಹೆಂಡತಿ ಮಕ್ಕಳೊಡನೆ ಬದುಕಿದ ಗೃಹಸ್ಥರು. ಗುರುವಿನಿಂದ ಶಿಷ್ಯನಿಗೆ ಬಂದದ್ದು ಹಾಡಿನಲ್ಲಿ ಇಡುವ ಅಂಕಿತ ಒಂದೇ; ಅಂಕಿತದ ಜೊತೆ ಹೊಲ ಬರಲಿಲ್ಲ, ಮನೆ ಬರಲಿಲ್ಲ. ದಾಸರು ತೀರಿಕೊಂಡ ಮೇಲೆ ಊರಲ್ಲಿ ಉಳಿದದ್ದು ಒಂದು ಮನೆ, ಒಂದು ಕಟ್ಟೆ, ಹೆಚ್ಚೆಂದರೆ ಒಂದು ಕಂಬ. ಅದನ್ನು ನೋಡಿಕೊಳ್ಳುವ ಹೊಣೆ ಯಾರದು? ಬರೆದಿಟ್ಟ ವ್ಯವಸ್ಥೆ ಇಲ್ಲದ್ದರಿಂದ ಅದು ಮನೆಯವರ ಮೇಲೆ, ಮನೆಯವರಾದ ಮೇಲೆ ಓಣಿಯವರ ಮೇಲೆ ಬಿತ್ತು. ಮಾನ್ವಿಯ ಜಗನ್ನಾಥದಾಸರ ಮನೆಯ ಇತಿಹಾಸ ಬರೆಯಿರಿ ಎಂದು ಸಂಚಿಕೆಯವರು ಕೇಳಿದಾಗ ನನಗೆ ಮೊದಲು ಹೊಳೆದದ್ದು ಇದು. ಸಂಬಳವಿಲ್ಲದ, ನೇಮಕದ ಪತ್ರವಿಲ್ಲದ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಂದಿಯ ಇತಿಹಾಸವೇ ಈ ಮನೆಯ ಇತಿಹಾಸ.

ಕೃಷ್ಣೆಗೂ ತುಂಗಭದ್ರೆಗೂ ನಡುವಿನ ನಮ್ಮ ನೆಲಕ್ಕೆ ಹಳೆಯ ಶಾಸನಗಳಲ್ಲಿ ಎಡೆದೊರೆ ನಾಡು ಎಂದು ಹೆಸರು. ಪುರಂದರದಾಸರು 1564ರಲ್ಲಿ ಹರಿಪದ ಸೇರಿದ ಮೇಲೆ ದಾಸರ ಹಾಡಿನ ಹೊಳೆ ಬಹುಕಾಲ ಸಣ್ಣಗಾಗಿತ್ತು. ಅದು ಮತ್ತೆ ತುಂಬಿ ಹರಿದದ್ದು ಈ ನಾಡಿನ ಮೂರು ಊರುಗಳಿಂದ. ಮಾನ್ವಿ ತಾಲ್ಲೂಕಿನ ಚೀಕಲಪರವಿಯಲ್ಲಿ ಬಡತನದಲ್ಲಿ ಹುಟ್ಟಿದ ದಾಸಪ್ಪ ವಿಜಯದಾಸರಾದರು. 1755ರ ಕಾರ್ತಿಕ ಶುದ್ಧ ದಶಮಿಯಂದು ಚಿಪ್ಪಗಿರಿಯಲ್ಲಿ ದೇಹ ಬಿಟ್ಟರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಭಾಗಣ್ಣ ವಿಜಯದಾಸರ ಶಿಷ್ಯರಾಗಿ ಗೋಪಾಲದಾಸರಾದರು. ಭಾಗಣ್ಣನವರ ಮೂವರು ತಮ್ಮಂದಿರೂ ದಾಸರೇ. ಒಂದೇ ಮನೆಯಲ್ಲಿ ನಾಲ್ಕು ಅಂಕಿತ. ಮೂರನೆಯ ಊರು ಬ್ಯಾಗವಟ್, ಇದೂ ಮಾನ್ವಿ ತಾಲ್ಲೂಕಿನದೇ. ಅಲ್ಲಿ 1728ರಲ್ಲಿ, ಕೀಲಕ ಸಂವತ್ಸರದ ಶ್ರಾವಣದಲ್ಲಿ ಹುಟ್ಟಿದ ಶ್ರೀನಿವಾಸ, ಮುಂದೆ ಶ್ರೀನಿವಾಸಾಚಾರ್ಯರು, ಕೊನೆಗೆ ಜಗನ್ನಾಥದಾಸರು. ಈ ಮೂರೂ ಊರಿನವರು ಹಬ್ಬಕ್ಕೆ ಒಬ್ಬರ ಮನೆಗೊಬ್ಬರು ಬಂಡಿ ಕಟ್ಟಿಕೊಂಡು ಹೋಗಬಹುದಾದಷ್ಟು ಹತ್ತಿರ. ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಈ ಮಾತು ಬರುವುದಿಲ್ಲ. ಬಸ್ಸಿನಲ್ಲಿ ಕುಳಿತು ಊರು ದಾಟುವಾಗ ಬರುತ್ತದೆ.

ಶ್ರೀನಿವಾಸಾಚಾರ್ಯರ ಕಥೆ ಮಾನ್ವಿಯ ಮಕ್ಕಳಿಗೆಲ್ಲ ಗೊತ್ತು. ದೊಡ್ಡ ಸಂಸ್ಕೃತ ಪಂಡಿತರು, ಕನ್ನಡದ ಹಾಡು ಕಟ್ಟುವವರ ಬಗ್ಗೆ ಸ್ವಲ್ಪ ತಾತ್ಸಾರ. ವಿಜಯದಾಸರು ಊರಿಗೆ ಬಂದು ಊಟಕ್ಕೆ ಕರೆದರೆ ಹೊಟ್ಟೆನೋವಿನ ನೆಪ ಹೇಳಿದರು. ಹೇಳಿದ ನೋವು ನಿಜವಾಗಿಯೇ ಹಿಡಿಯಿತು, ಯಾವ ಔಷಧಿಗೂ ಬಿಡಲಿಲ್ಲ. ಕೊನೆಗೆ ವಿಜಯದಾಸರ ಮಾತಿನಂತೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ತೆಗೆದು ಇವರಿಗೆ ಕೊಟ್ಟರು. ಸಂಪ್ರದಾಯ ಹೀಗೆ ಹೇಳುತ್ತದೆ. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನನ್ನನ್ನು ಹಿಡಿದದ್ದು ಈ ಕಥೆಯಲ್ಲಿರುವ ಜಗಳ: ಕನ್ನಡದಲ್ಲಿ ಶಾಸ್ತ್ರ ಹೇಳಬಹುದೋ ಬಾರದೋ ಎಂಬುದು. ನೆಪ ಹೇಳಿದ ಆ ಪಂಡಿತರೇ ಮುಂದೆ ಭಾಮಿನಿ ಷಟ್ಪದಿಯಲ್ಲಿ ಹರಿಕಥಾಮೃತಸಾರ ಬರೆದರು. ಮಾಧ್ವ ಸಿದ್ಧಾಂತದ ಕಠಿಣ ವಿಚಾರಗಳೆಲ್ಲ ಅದರಲ್ಲಿ ಹಾಡಾಗಿ ನಿಂತವು. ಆ ಕನ್ನಡ ಕೃತಿಗೆ ಸಂಸ್ಕೃತದಲ್ಲಿಯೂ ವ್ಯಾಖ್ಯಾನ ಹುಟ್ಟಿತು. ಅಷ್ಟಕ್ಕೇ ನಿಲ್ಲದೆ ದಾಸರು ತತ್ತ್ವಸುವ್ವಾಲಿ ಬರೆದರು. ಸುವ್ವಿ ಎನ್ನುವುದು ಒನಕೆ ಹಿಡಿದು ಕುಟ್ಟುವ ಹೆಣ್ಣುಮಕ್ಕಳ ಸೊಲ್ಲು. ಪಂಡಿತರು ವೇದಾಂತವನ್ನು ಅದರ ಮಟ್ಟಿಗೆ ಕೂರಿಸಿದರು.

1809ರ ಭಾದ್ರಪದ ಶುದ್ಧ ನವಮಿ, ಶುಕ್ಲ ಸಂವತ್ಸರ. ಅಂದು ದಾಸರು ಮಾನ್ವಿಯಲ್ಲಿ ಹರಿಪಾದ ಸೇರಿದರು. ಅವರು ಮನೆಯ ಕಂಬದಲ್ಲಿ ಸನ್ನಿಹಿತರಾಗಿದ್ದಾರೆ ಎಂಬುದು ಭಕ್ತರ ನಂಬಿಕೆ. ಯತಿಗಳಿಗಾದರೆ ವೃಂದಾವನ, ಗೃಹಸ್ಥರಿಗೆ ಅದಿಲ್ಲ. ಹೀಗಾಗಿ ಜಂತಿ ಹೊತ್ತು ನಿಲ್ಲುವ ಕಂಬಕ್ಕೇ ಪೂಜೆ. ಗಣೇಶ ಚೌತಿ ಮುಗಿದು ಐದನೆಯ ದಿನಕ್ಕೆ ನವಮಿ ಬರುತ್ತದೆ. ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆ ಎಂದು ಮೂರು ದಿನ ಊರಿಗೆ ಊರೇ ಗದ್ದಲ.

ನಮ್ಮ ಜನ ಇದನ್ನು ವಸ್ತುಸಂಗ್ರಹಾಲಯ ಎನ್ನುವುದಿಲ್ಲ. ಕೆಲವರು ದಾಸರ ಮನೆ ಎನ್ನುತ್ತಾರೆ, ಕೆಲವರು ದಾಸರ ಗುಡಿ. ವಸ್ತುಸಂಗ್ರಹಾಲಯ ನೋಡಬೇಕೆಂದರೆ ರಾಯಚೂರು ಕೋಟೆಯ ನವರಂಗ ದರ್ವಾಜಕ್ಕೆ ಹೋಗಬೇಕು. ಸುತ್ತಲಿನ ಊರುಗಳ ಮೂರ್ತಿಗಳು, ವೀರಗಲ್ಲುಗಳು ಅಲ್ಲಿವೆ. ಶಾಲೆಯಲ್ಲಿದ್ದಾಗ ನಮ್ಮನ್ನು ಅಲ್ಲಿಗೂ ಕರೆದುಕೊಂಡು ಹೋಗಿದ್ದರು. ಅದೇ ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲು ಇದೆ. ಆ ಕಲ್ಲನ್ನು ಬಂಡಿಯಲ್ಲಿ ಹೇರಿ ಎಳೆದು ತಂದ ಚಿತ್ರವನ್ನೂ ಗೋಡೆಯ ಮೇಲೆ ಕೆತ್ತಿದ್ದಾರೆ. ಕೋಟೆ ಕಟ್ಟಿಸಿದ ಗೋರೆ ಗಂಗಯ್ಯ ರೆಡ್ಡಿಯ ಹೆಸರು ಶಾಸನದಲ್ಲಿದೆ, ಬಂಡಿ ಎಳೆದವರು ಚಿತ್ರದಲ್ಲಿದ್ದಾರೆ. ಕಲ್ಲಿನ ವಿಷಯದಲ್ಲಿ ಕೆಲಸ ಮಾಡಿದವರ ಗುರುತು ಹೀಗಾದರೂ ಉಳಿಯಿತು. ಹಾಡಿನ ವಿಷಯದಲ್ಲಿ ಏನಾಯಿತು ಎಂಬುದು ಮುಂದಿನ ಮಾತು.

ನಾನು ಬೆಳೆದದ್ದು ದಾಸರ ಮನೆಯ ಹತ್ತಿರದ ಓಣಿಯಲ್ಲಿ. ಸೇವೆ ಎಂಬ ದೊಡ್ಡ ಶಬ್ದ ನಮಗೆ ಆಗ ಗೊತ್ತಿರಲಿಲ್ಲ. ಕರೆದಾಗ ಹೋಗುವುದು, ಹೇಳಿದ್ದು ಮಾಡುವುದು. ಆರಾಧನೆ ಹತ್ತಿರ ಬಂತೆಂದರೆ ಹುಡುಗರ ಪಾಲಿಗೆ ನೀರು ಹೊರುವುದು, ಪತ್ರೋಳಿ ಎಣಿಸಿ ಕಟ್ಟುವುದು, ಸಮೆ ಚರಿಗೆಗಳನ್ನು ಹುಣಿಸೆಹಣ್ಣು ಹಾಕಿ ತಿಕ್ಕುವುದು. ಹೆಣ್ಣುಮಕ್ಕಳದ್ದು ಸಾರಣೆ, ರಂಗೋಲಿ, ಬತ್ತಿ ಹೊಸೆಯುವುದು, ಬೇಳೆ ಆರಿಸುವುದು. ಹಿರಿಯರು ಪಡಸಾಲೆಯಲ್ಲಿ ಕುಳಿತು ಯಾರ ಮನೆಯಿಂದ ಎಷ್ಟು ಅಕ್ಕಿ ಬಂತು ಬರೆಯುತ್ತಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿ ಕಡೆ ಅಕ್ಕಿಗೆ ಕೊರತೆ ಇಲ್ಲ. ಅದಕ್ಕೂ ಮುಂಚೆ ಜೋಳದ ಸೀಮೆಯಲ್ಲಿ ಮೂರು ದಿನ ಅನ್ನ ಬಡಿಸುವುದು ಎಷ್ಟು ಕಷ್ಟವಿದ್ದೀತು ಎಂದು ಈಗಿನವರು ಒಮ್ಮೆ ಲೆಕ್ಕ ಹಾಕಬೇಕು. ಅಡಿಗೆ ಮನೆಯಲ್ಲಿ ಯಾರಾದರೂ ಹರಿಕಥಾಮೃತಸಾರದ ಭೋಜನರಸವಿಭಾಗ ಸಂಧಿ ಹೇಳುತ್ತಿರುತ್ತಿದ್ದರು. ಅನ್ನ, ಹಾಲು, ತುಪ್ಪ, ಭಕ್ಷ್ಯ ಒಂದೊಂದರಲ್ಲಿ ಭಗವಂತನ ಯಾವ ಯಾವ ರೂಪ ಎಂಬುದು ಅದರ ವಿಷಯ. ಒಲೆಯ ಮುಂದೆ ಬೆವರುತ್ತ ಅದನ್ನು ಹೇಳುವವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ನನ್ನ ಅಕ್ಷರ ದುಂಡಗಿದೆ ಎಂದು ಯಾರೋ ಹೇಳಿದ್ದರಿಂದ ನನಗೆ ಬೇರೆ ಕೆಲಸ ಬಂತು. ಓಣಿಯ ಒಬ್ಬ ಅಜ್ಜಿ ತಮ್ಮ ಹಾಡಿನ ಪುಸ್ತಕ ತಂದು ಮುಂದಿಟ್ಟು, ‘ತಮ್ಮಾ, ನನಗ ಕಣ್ಣು ಕಾಣಂಗಿಲ್ಲ, ಇದನ್ನ ಹೊಸಾ ವಹಿಗೆ ಇಳಿಸಿಕೊಡು’ ಎಂದರು. ಸೊಸೆಗೆ ಕೊಡಬೇಕಂತೆ. ಕೆಂಪು ವಸ್ತ್ರದಲ್ಲಿ ಸುತ್ತಿದ್ದ ಆ ವಹಿ ಬಿಚ್ಚಿದರೆ ಬಜೆಯ ವಾಸನೆ. ಹುಳ ಹತ್ತದಿರಲೆಂದು ಬಜೆಬೇರಿನ ತುಂಡು ಇಟ್ಟಿದ್ದರು. ಮೊದಲ ಹಾಳೆಯಲ್ಲಿ ‘ಶ್ರೀ’, ಕೆಳಗೆ ಗಣಪತಿಯ ಹಾಡು. ಆಮೇಲೆ ಬೆಳಗಿನ ಹಾಡು, ಆರತಿ ಹಾಡು, ಬೀಗರ ಹಾಡು, ತೊಟ್ಟಿಲ ಹಾಡು, ಶುಕ್ರವಾರದ ಲಕ್ಷ್ಮಿಯ ಹಾಡು. ಕೆಲವು ಮಸಿಯಲ್ಲಿ, ಕೆಲವು ನೇರಳೆ ಪೆನ್ಸಿಲಿನಲ್ಲಿ. ನಡುವೆ ಒಂದು ಹಾಳೆಯ ಹಿಂಬದಿ ಹಾಲಿನ ಲೆಕ್ಕ, ಇನ್ನೊಂದರ ಅಂಚಿನಲ್ಲಿ ಮಗಳ ಲಗ್ನದ ತಿಥಿ. ದಾಸರ ಅಂಕಿತ ಬಂದ ಕಡೆಯೆಲ್ಲ ಅಕ್ಷರ ಸ್ವಲ್ಪ ದಪ್ಪ. ಒಂದು ಹಾಡಿನಲ್ಲಿ ನನಗೆ ಕಲಿಸಿದ್ದಕ್ಕಿಂತ ಬೇರೆ ಶಬ್ದ ಇತ್ತು. ತಪ್ಪಿರಬೇಕೆಂದು ತಿದ್ದಲು ಹೋದೆ. ಅಜ್ಜಿ ಅದನ್ನು ಹಾಡಿ ತೋರಿಸಿದರು. ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಆ ಶಬ್ದವೇ ಸರಿಯಾಗಿ ಕೂಡುತ್ತಿತ್ತು. ‘ನಮ್ಮ ತವರುಮನಿ ಪಾಠ ಅದು, ಹಂಗ ಇರ್ಲಿ’ ಎಂದರು. ಪಾಠಾಂತರ ಎಂಬ ಮಾತನ್ನು ಕಾಲೇಜಿನಲ್ಲಿ ಕೇಳುವ ಹೊತ್ತಿಗೆ ಅದೇನೆಂದು ನನಗೆ ಗೊತ್ತಿತ್ತು.

ಇಂಥ ವಹಿಗಳ ಬೆಲೆ ಅರಿತವರು ನಮ್ಮ ಜಿಲ್ಲೆಯವರೇ ಆದ ಗೊರೇಬಾಳ ಹನುಮಂತರಾಯರು. ಲಿಂಗಸೂಗೂರಿನಲ್ಲಿ ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲ ಕಟ್ಟಿ, ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಮತ್ತವರ ಶಿಷ್ಯರ ಹಾಡುಗಳನ್ನು ಸಂಗ್ರಹಿಸಿ ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದರು. ಲಿಂಗಸೂಗೂರು ಜಗನ್ನಾಥದಾಸರ ಶಿಷ್ಯ ಪ್ರಾಣೇಶದಾಸರ ಊರು. ಮಂಡಲಕ್ಕೆ ಹೆಸರು ಕೊಟ್ಟ ವರದೇಂದ್ರತೀರ್ಥರು ದಾಸರಿಗೆ ಶಾಸ್ತ್ರ ಹೇಳಿದ ಯತಿಗಳು. ಆ ಕೆಲಸ ನಡೆದ ಕಾಲವನ್ನು ನೆನೆಯಬೇಕು. 1948ರ ಸೆಪ್ಟೆಂಬರಿನವರೆಗೆ ನಾವು ನಿಜಾಮರ ಸಂಸ್ಥಾನದಲ್ಲಿದ್ದವರು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲಿ. ಗಂಡಸರು ಕಚೇರಿಗಾಗಿ ಉರ್ದು ಕಲಿತರು. ಕನ್ನಡ ಅಕ್ಷರ ಬಹಳ ಮನೆಗಳಲ್ಲಿ ಉಳಿದದ್ದು ಹಾಡಿನ ವಹಿಗಳಿಂದ, ಅಂದರೆ ಹೆಂಗಸರಿಂದ ಎಂದು ನಾನು ತಿಳಿದಿದ್ದೇನೆ. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನ ನಡೆದದ್ದನ್ನು ನಾವು ಎದೆಯುಬ್ಬಿಸಿ ಹೇಳುತ್ತೇವೆ, ಹೇಳಬೇಕಾದದ್ದೇ. ಸಮ್ಮೇಳನಕ್ಕೆ ಬಂದವರ ಮನೆಯಲ್ಲಿ ಕನ್ನಡ ಓದಲು ಕಲಿಸಿದವರು ಯಾರು ಎಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಇನ್ನೊಂದು ಸಂಗತಿ. ರಾಜ್ಯಗಳ ಗಡಿ ಬಿದ್ದದ್ದು 1956ರ ನವೆಂಬರ್ 1ರಂದು. ಗೋಪಾಲದಾಸರು ನೆಲೆಸಿದ ಉತನೂರು ಈಗ ತೆಲಂಗಾಣದಲ್ಲಿದೆ, ವಿಜಯದಾಸರ ಚಿಪ್ಪಗಿರಿ ಆಂಧ್ರದಲ್ಲಿದೆ, ಮಂತ್ರಾಲಯವೂ ಆಂಧ್ರದಲ್ಲಿದೆ. ಗದ್ವಾಲ, ಕರ್ನೂಲು, ಹೈದರಾಬಾದಿನ ಕನ್ನಡ ಮನೆಗಳಲ್ಲಿ ಮಕ್ಕಳು ತೆಲುಗು ಶಾಲೆಗೆ ಹೋದರು. ಅವರು ಕನ್ನಡದ ಹಾಡುಗಳನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡು ಹಾಡುತ್ತ ಬಂದರು. ಹರಿಕಥಾಮೃತಸಾರ ತೆಲುಗು ಲಿಪಿಯಲ್ಲಿ ಅಚ್ಚಾಗಿದೆ. ಆರಾಧನೆಗೆ ಬರುವ ಅಂಥ ತಾಯಂದಿರ ಕೈಯ ಪುಸ್ತಕ ನೋಡಿ ಇದು ತೆಲುಗು ಎಂದು ನಮ್ಮ ಹುಡುಗರು ಬದಿಗಿಡುವುದನ್ನು ಕಂಡಿದ್ದೇನೆ. ಪಕ್ಕದಲ್ಲಿ ಕೂಡಿಸಿಕೊಂಡು ಓದಿಸಿದರೆ ಅಚ್ಚ ರಾಯಚೂರು ಕನ್ನಡ.

ಕರ್ನಾಟಕದಲ್ಲಿ ಮನೆಯನ್ನೇ ಸಂಗ್ರಹಾಲಯ ಮಾಡಿದ ಒಳ್ಳೆಯ ಉದಾಹರಣೆಗಳಿವೆ. ಕುಪ್ಪಳಿಯ ಕವಿಮನೆಗೆ ಹೋದರೆ ಕುವೆಂಪು ಬಳಸಿದ ವಸ್ತುಗಳು, ಆ ಕಾಲದ ಅಡಿಗೆ ಪಾತ್ರೆಗಳು, ತೊಟ್ಟಿಯ ಅಂಗಳ ಎಲ್ಲ ಕಾಣಸಿಗುತ್ತವೆ. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ ಇದೆ. ಅವರಿಬ್ಬರೂ ಫೋಟೊ, ಪತ್ರ, ಕನ್ನಡಕ ಉಳಿಯುವ ಕಾಲದವರು. 1809ರಲ್ಲಿ ತೀರಿಕೊಂಡ, ಕೂಡಿಡುವುದೇ ತಪ್ಪೆಂದು ಹಾಡಿದ ಒಬ್ಬ ದಾಸರ ಮನೆಯಲ್ಲಿ ಅದನ್ನು ಹುಡುಕಬಾರದು. ಹೊರಗಿನಿಂದ ಬಂದವರು ಮೊದಲು ಕೇಳುವುದು, ‘ದಾಸರು ಬಳಸಿದ್ದು ಏನೇನಿದೆ?’ ಈ ಪ್ರಶ್ನೆಗೆ ಗಾಜಿನ ಪೆಟ್ಟಿಗೆ ತೋರಿಸಿ ಉತ್ತರ ಕೊಡುವ ಆಸೆ ನನಗೂ ಇತ್ತು. ಈಗ ಇಲ್ಲ. ಬಂದವರನ್ನು ಕಂಬದ ಮುಂದೆ ಕೂರಿಸಿ, ಅಲ್ಲಿರುವ ಯಾರಾದರೊಬ್ಬರಿಂದ ಒಂದು ಸುಳಾದಿಯನ್ನೋ ಸುವ್ವಾಲಿಯ ನಾಲ್ಕು ಪದವನ್ನೋ ಹೇಳಿಸುವುದು ಹೆಚ್ಚು ಪ್ರಾಮಾಣಿಕ ಉತ್ತರ. ದಾಸರು ಬಳಸಿದ್ದು ಅದನ್ನೇ.

ರಾಯಚೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಬಿಚ್ಚಾಲೆಯಲ್ಲೂ ಒಂದು ಮನೆ ಇದೆ. ರಾಘವೇಂದ್ರಸ್ವಾಮಿಗಳ ಶಿಷ್ಯ ಅಪ್ಪಣ್ಣಾಚಾರ್ಯರ ಮನೆ. ಸ್ವಾಮಿಗಳು 1671ರಲ್ಲಿ ಮಂತ್ರಾಲಯದಲ್ಲಿ ವೃಂದಾವನಸ್ಥರಾಗುವ ಮುಂಚೆ ಅಲ್ಲಿ ವರ್ಷಗಟ್ಟಲೆ ಇದ್ದರು ಎಂಬುದು ಪ್ರತೀತಿ. ಗುರುಗಳ ಮೇಲೆ ಸ್ತೋತ್ರ ಬರೆದ ಶಿಷ್ಯರ ಮನೆ ಅದು. ಅದೂ ಗೃಹಸ್ಥರ ಮನೆಯೇ, ಅದನ್ನೂ ಜನರೇ ಉಳಿಸಿದ್ದು. 2009ರ ಅಕ್ಟೋಬರ್ ಮೊದಲ ವಾರ ಹೊಳೆ ಏರಿ ಮಂತ್ರಾಲಯ ಮುಳುಗಿತು, ದಂಡೆಯ ನಮ್ಮ ಹಳ್ಳಿಗಳೂ ನೀರಲ್ಲಿ ನಿಂತವು. ಮಣ್ಣಿನ ಮಾಳಿಗೆಯ ಮನೆಗಳು ಕುಸಿದವು. ಎಷ್ಟೋ ಊರುಗಳನ್ನು ಎತ್ತರಕ್ಕೆ ಸಾಗಿಸಬೇಕಾಯಿತು. ಆ ನೀರು ಇಳಿದ ಮೇಲೆ ಜನ ದನ, ಕಾಳು, ಪಾತ್ರೆ ಲೆಕ್ಕ ಹಾಕಿದರು. ಪರಿಹಾರದ ಅರ್ಜಿಯಲ್ಲಿ ಹಾಡಿನ ವಹಿಗೆ ಕಾಲಂ ಇರಲಿಲ್ಲ.

ಅಂದಿನಿಂದ ನನ್ನ ಸೇವೆಯ ರೀತಿ ಬದಲಾಯಿತು. ಈಗ ನಾನು ರಾಯಚೂರಿನಲ್ಲಿ ಇರುವವನು. ಸಿಂಧನೂರು ಬಸ್ಸು ಹಿಡಿದರೆ ಸುಮಾರು 45 ಕಿಲೋಮೀಟರು ಮಾನ್ವಿ. ಚೀಲದಲ್ಲಿ ಮೆತ್ತನೆಯ ಒಂದು ಬ್ರಷ್ಷು, ತೊಳೆದ ಬಿಳಿ ಬಟ್ಟೆ, ಮೊಬೈಲು. ಯಾರ ಮನೆಯಲ್ಲಿ ಹಳೆಯ ವಹಿ ಇದೆ ಎಂದು ಗೊತ್ತಾದರೆ ಹೋಗಿ ಕೂಡುತ್ತೇನೆ. ಪುಸ್ತಕ ಕೇಳುವುದಿಲ್ಲ. ಕೇಳಿದರೆ ಕೊಡುವುದಿಲ್ಲ, ಕೊಡಲೂಬಾರದು. ಅದು ಆ ಮನೆಯ ದೇವರ ಗೂಡಿನಲ್ಲಿ ಇರಬೇಕಾದದ್ದು. ಬಾಗಿಲ ಬೆಳಕಿಗೆ ಬಟ್ಟೆ ಹಾಸಿ, ಅದರ ಮೇಲೆ ವಹಿ ಬಿಚ್ಚಿಟ್ಟು, ಮೇಲಿನಿಂದ ನೇರವಾಗಿ ಫೋಟೊ ತೆಗೆಯುವುದು. ಫ್ಲ್ಯಾಷ್ ಹಾಕುವುದಿಲ್ಲ. ರಟ್ಟು, ಖಾಲಿ ಹಾಳೆ, ಹಾಲಿನ ಲೆಕ್ಕ ಯಾವುದನ್ನೂ ಬಿಡುವುದಿಲ್ಲ. ಯಾವ ಕಾಲದ ವಹಿ ಎಂದು ತಿಳಿಯುವುದು ಬಹಳ ಸಲ ಆ ಲೆಕ್ಕದಿಂದಲೇ. ಆಮೇಲೆ ಮನೆಯ ಹಿರಿಯರಿಂದ ಹಾಡಿಸಿ ಧ್ವನಿ ಹಿಡಿಯುತ್ತೇನೆ. ರಾಗದ ಹೆಸರು ವಹಿಯಲ್ಲಿ ಒಂದು ಇದ್ದು ಅವರು ಹಾಡುವುದು ಇನ್ನೊಂದು ಆಗಿರುತ್ತದೆ, ಎರಡನ್ನೂ ಬರೆದುಕೊಳ್ಳಬೇಕು. ಯಾವುದು ಸರಿ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ.

ಒಳ್ಳೆಯ ಮನಸ್ಸಿನಿಂದ ಆಗುವ ಹಾಳು ಹುಳದಿಂದ ಆಗುವುದಕ್ಕಿಂತ ಹೆಚ್ಚು. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚುತ್ತಾರೆ. ಕೆಲವು ವರ್ಷಕ್ಕೆ ಅದರ ಗೋಂದು ಹಳದಿಯಾಗಿ ಅಕ್ಷರ ನುಂಗುತ್ತದೆ. ಹಿಂದೆ ಒಂದು ಕಡೆ ಇಡೀ ವಹಿಯ ಹೊಲಿಗೆ ಬಿಚ್ಚಿ ಲ್ಯಾಮಿನೇಷನ್ ಮಾಡಿಸಿಟ್ಟಿದ್ದರು. ಕಾಸಿದ ಪ್ಲಾಸ್ಟಿಕ್ಕು ಕಾಗದಕ್ಕೆ ಒಮ್ಮೆ ಅಂಟಿದರೆ ಮತ್ತೆ ಬಿಡಿಸಲು ಬರುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿಟ್ಟರೂ ಒಳಗಿನ ಪಸೆಗೆ ಬೂಸು ಹಿಡಿಯುತ್ತದೆ. ನಮ್ಮ ಹಿರಿಯರ ಹತ್ತಿ ವಸ್ತ್ರ, ಬಜೆಬೇರು, ಒಣಗಿದ ಬೇವಿನ ಎಲೆಗಳೇ ಮೇಲು. ವರ್ಷಕ್ಕೊಮ್ಮೆ ಬಿಚ್ಚಿ ನೆರಳಲ್ಲಿ ಗಾಳಿಗೆ ಇಟ್ಟರೆ ಸಾಕು.

ಸಂಸ್ಥೆಯ ಇತಿಹಾಸ ಎಂದರೆ ಅಧ್ಯಕ್ಷರ ಹೆಸರು, ಜೀರ್ಣೋದ್ಧಾರದ ವರ್ಷ, ದೇಣಿಗೆಯ ಮೊತ್ತ ಇರಬೇಕು ಎಂದು ಓದುಗರು ಎದುರುನೋಡಿರಬಹುದು. ಅವು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬರುತ್ತವೆ, ಗೋಡೆಯ ಕಲ್ಲುಗಳ ಮೇಲೂ ಇರುತ್ತವೆ. ನನಗೆ ತಕರಾರಿಲ್ಲ, ಹಣ ಕೊಟ್ಟವರು ಕೊಡದೆ ಇದ್ದಿದ್ದರೆ ಮಾಳಿಗೆ ಸೋರುತ್ತಿತ್ತು. ಆದರೆ ಎರಡು ಶತಮಾನ ದಾಟಿದ ಈ ಮನೆಯನ್ನು ಹೊತ್ತಿರುವುದು ಮುಖ್ಯವಾಗಿ ಎರಡು ಬಗೆಯ ದುಡಿಮೆ: ಬಳಿದು ಬೆಳಗಿ ಬೇಯಿಸಿದವರದು, ಹಾಡಿ ಬರೆದು ಒಪ್ಪಿಸಿದವರದು. ಮೊದಲನೆಯವರ ಹೆಸರು ಇನ್ನು ಸಿಗಲಾರದು. ಎರಡನೆಯವರ ಹೆಸರು ವಹಿಗಳ ಕೊನೆಯ ಹಾಳೆಯಲ್ಲಿ ಇನ್ನೂ ಇದೆ. ಅದು ಅಳಿಯುವ ಮುನ್ನ ದಾಸರ ಮನೆಯಲ್ಲಿ ಒಂದು ಪಟ್ಟಿ ಆಗಲೇಬೇಕು: ವಹಿ ಯಾರದು, ಯಾವ ಊರಿನದು, ಅದರಲ್ಲಿ ಯಾವ ಯಾವ ಹಾಡು, ಅಚ್ಚಾದ ಪುಸ್ತಕಗಳಲ್ಲಿ ಇಲ್ಲದ್ದು ಯಾವುದು.

ನಮ್ಮ ಕಡೆ ಹಳೆಯ ಪುಸ್ತಕವನ್ನು ಕಸಕ್ಕೆ ಹಾಕುವುದಿಲ್ಲ, ಹೊಳೆಗೆ ಬಿಡುತ್ತಾರೆ. ಹಿರಿಯರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆ ತೆರೆದ ಮಕ್ಕಳು, ತಮಗೆ ಓದಲು ಬಾರದ ವಹಿಯನ್ನು ಭಕ್ತಿಯಿಂದಲೇ ತುಂಗಭದ್ರೆಗೋ ಕೃಷ್ಣೆಗೋ ಅರ್ಪಿಸಿ ಬರುತ್ತಾರೆ. ಮಾನ್ವಿ, ದೇವದುರ್ಗ, ರಾಯಚೂರು ಕಡೆಯ ಮನೆಯವರಲ್ಲಿ, ಗದ್ವಾಲ, ಹೈದರಾಬಾದು, ಪುಣೆ, ಅಮೆರಿಕ ಎಲ್ಲೆಲ್ಲೋ ಇರುವ ನಮ್ಮ ಊರ ಮಕ್ಕಳಲ್ಲಿ ನನ್ನ ಕೋರಿಕೆ ಇಷ್ಟೇ: ಹೊಳೆಗೆ ಬಿಡುವ ಮುನ್ನ ಒಂದು ದಿನ ತಡೆಯಿರಿ. ಲಿಪಿ ಕನ್ನಡವಿರಲಿ, ತೆಲುಗಿರಲಿ, ದೇವನಾಗರಿ ಇರಲಿ, ಪ್ರತಿ ಹಾಳೆಯ ಫೋಟೊ ತೆಗೆದು, ಬರೆದವರ ಹೆಸರು ಊರು ಸೇರಿಸಿ, ಮುಂದಿನ ಆರಾಧನೆಗೆ ಬರುವಾಗ ತನ್ನಿ. ಪಡಸಾಲೆಯಲ್ಲಿ ಕುಳಿತು ಪಟ್ಟಿ ಬರೆದುಕೊಳ್ಳಲು ನಮ್ಮವರು ಯಾರಾದರೂ ಇದ್ದೇ ಇರುತ್ತಾರೆ.